ಪ್ರಣಯವೂ ಪಾಲುಗಾರಿಕೆಯೂ

ಕೆಲವು ವರ್ಷಗಳಿಂದೀಚೆಗೆ ಕಾದಂಬರಿಗಳ ಅಂಗಡಿಯಲ್ಲಿ ಒಂದು ಹೊಸ ಜಾತಿಯ ಸರಕು ಕಾಣಿಸಿಕೊಳ್ಳುತ್ತಿದೆ. ಇದರ ನಾಯಕನು ರಾಜಕುಮಾರನಲ್ಲ, ಜಮೀನ್ದಾರನ ಮಗನಲ್ಲ, ದೇಶಕ್ಕಾಗಿ ಸೆರೆಮನೆಯನ್ನು ಸೇರಿದ ವೀರನೂ ಅಲ್ಲ. ಇಂಜಿನಿಯರಿಂಗ್ ಪದವಿಯನ್ನು ಪಡೆದು, ದೊಡ್ಡ ಕಂಪೆನಿಯ ಸಂಬಳವನ್ನು ತೊರೆದು, ಸ್ವಂತ ಸಂಸ್ಥೆಯೊಂದನ್ನು ಕಟ್ಟಲು ಹೊರಟ ತರುಣನು ಈತ. ನಾಯಿಕೆಯೂ ಅವನಷ್ಟೇ ಓದಿದವಳು. ಅನೇಕ ವೇಳೆ ಅವನಿಗಿಂತ ಜಾಣೆ. ಇವರಿಬ್ಬರೂ ಕೂಡಿ ಕಟ್ಟುವ ಸಂಸ್ಥೆಗೆ ಜನರು ಸ್ಟಾರ್ಟಪ್ ಎಂದೂ ಪತ್ರಿಕೆಗಳು ನವೋದ್ಯಮವೆಂದೂ ಹೆಸರಿಟ್ಟಿರುವುವು. ಇಂತಹ ಪುಸ್ತಕಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಬರುತ್ತಿದ್ದರೂ ಅವನ್ನು ಓದತಕ್ಕವರಲ್ಲಿ ಕನ್ನಡಿಗರ ಮನೆಯ ಮಕ್ಕಳು ಕಡಮೆಯಿಲ್ಲ. ಕಥೆಯು ನಡೆಯುವ ಊರಾದರೋ ಅನೇಕ ಸಲ ಬೆಂಗಳೂರೇ. ಆದುದರಿಂದ ಈ ಸರಕಿನ ತೂಕವೆಷ್ಟು, ಕಲಬೆರಕೆಯೆಷ್ಟು ಎಂಬುದನ್ನು ಕನ್ನಡ ವಾಚಕರು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಇಂತಹ ಒಂದು ಕಥೆಯ ಹಂದರವನ್ನು ಬಲ್ಲವರಿಗೆ ಉಳಿದುವು ಬಹುಪಾಲು ತಾವಾಗಿಯೇ ತಿಳಿದುಬರುತ್ತವೆ. ಮೊದಲನೆಯ ಪ್ರಕರಣದಲ್ಲಿ ಪರಿಚಯ ಮತ್ತು ಜಗಳ. ಎರಡನೆಯದರಲ್ಲಿ ಕೋರಮಂಗಲದಲ್ಲಿಯೋ ಎಚ್.ಎಸ್.ಆರ್. ಬಡಾವಣೆಯಲ್ಲಿಯೋ ಮಹಡಿಯ ಮೇಲಿನ ಬಾಡಿಗೆಯ ಕೋಣೆ, ಎರಡು ಲ್ಯಾಪ್‌ಟಾಪುಗಳು, ಗೋಡೆಯ ತುಂಬ ಅಂಟಿಸಿದ ಬಣ್ಣದ ಚೀಟಿಗಳು. ಆಮೇಲೆ ನಿದ್ರೆಯಿಲ್ಲದ ರಾತ್ರಿಗಳು, ಕಾಫಿ, ಮಳೆ. ನಡುವೆ ಬಂಡವಾಳವನ್ನು ಹೂಡಲು ಬರುವ ಒಬ್ಬ ಧನಿಕನು, ಅವನಿಂದ ಹುಟ್ಟುವ ಸಂಶಯ, ವಿರಸ, ಅಗಲಿಕೆ. ಕಟ್ಟಕಡೆಗೆ ಸಂಸ್ಥೆಯು ಕೋಟಿಗಟ್ಟಲೆ ಬೆಲೆಬಾಳುತ್ತದೆ, ವಿರಸವು ಕರಗುತ್ತದೆ, ಉಂಗುರವು ಬೆರಳಿಗೆ ಏರುತ್ತದೆ. ಶುಭಂ.

ಈ ಬಗೆಯ ಪುಸ್ತಕವನ್ನು ಕಂಡೊಡನೆ ಮೂಗು ಮುರಿಯುವ ಹಿರಿಯರು ಕೆಲವರುಂಟು. ಅವರ ಆಕ್ಷೇಪವು ಎರಡು ಬಗೆಯದು. ವ್ಯಾಪಾರವೆಂಬುದು ಸರಸ್ವತಿಯ ಮಂದಿರಕ್ಕೆ ತರತಕ್ಕ ವಸ್ತುವಲ್ಲವೆಂಬುದು ಒಂದು. ಗಂಡು ಹೆಣ್ಣು ಇಬ್ಬರೇ ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿ ಕುಳಿತು ಕೆಲಸಮಾಡುವುದನ್ನು ವರ್ಣಿಸುವುದರಿಂದ ಎಳೆಯರ ಮನಸ್ಸು ಕೆಡುವುದೆಂಬುದು ಇನ್ನೊಂದು. ಈ ಎರಡು ಆಕ್ಷೇಪಗಳೂ ನಿಲ್ಲತಕ್ಕವಲ್ಲ. ಎರಡನೆಯದಕ್ಕೆ ಉತ್ತರವು ಬಹು ಸುಲಭ. ಗುಲ್ವಾಡಿ ವೆಂಕಟರಾಯರು 1899ರಲ್ಲಿ ‘ಇಂದಿರಾಬಾಯಿ’ಯನ್ನು ಪ್ರಕಟಿಸಿ, ವಿಧವೆಯಾದ ಹುಡುಗಿಯು ಓದು ಕಲಿತು ಮರುಮದುವೆಯಾದ ಕಥೆಯನ್ನು ಹೇಳಿದರು; ಕನ್ನಡದ ಮೊತ್ತಮೊದಲನೆಯ ಸಾಮಾಜಿಕ ಕಾದಂಬರಿಯೆಂಬ ಕೀರ್ತಿಯು ಆ ಪುಸ್ತಕಕ್ಕೇ ಸಂದಿದೆ. ಕನ್ನಡ ಕಾದಂಬರಿಯು ಹುಟ್ಟಿದುದೇ ಮನೆಯ ಹೊಸಿಲನ್ನು ದಾಟಿದ ಹೆಣ್ಣಿನ ಜೊತೆಯಲ್ಲಿ. ಅವಳು ಈಗ ಕಚೇರಿಯ ಹೊಸಿಲನ್ನೂ ದಾಟಿದಳೆಂದು ಗಾಬರಿಪಡುವುದಕ್ಕೆ ಕಾರಣವಿಲ್ಲ.

ವ್ಯಾಪಾರವು ಸಾಹಿತ್ಯಕ್ಕೆ ಅನುಚಿತವೆಂಬ ಮಾತಾದರೋ ಕನ್ನಡದ ಚರಿತ್ರೆಯನ್ನೇ ಮರೆತವರ ಮಾತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾರಯ್ಯ ಲಕ್ಕಮ್ಮ ಎಂಬ ದಂಪತಿಗಳಿದ್ದರು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಹಿಗ್ಗಲಿಲ್ಲ. ಅಳತೆ ಮೀರಿದುದನ್ನು ಕಂಡು ಗಂಡನನ್ನು ತರಾಟೆಗೆ ತೆಗೆದುಕೊಂಡಳು. ತಂದುದನ್ನು ಇದ್ದಲ್ಲಿಗೇ ಸುರಿದು ಬಾರೆಂದು ಕಳುಹಿಸಿದಳು. ಆ ಸಂದರ್ಭದ ವಚನಗಳನ್ನು ಕನ್ನಡಿಗರು ಎಂಟುನೂರು ವರ್ಷಗಳಿಂದ ಓದುತ್ತಿರುವರು. ಗಂಡಹೆಂಡಿರು ಕೂಡಿ ನಡೆಸಿದ ದುಡಿಮೆಯನ್ನು ಕುರಿತು ಕನ್ನಡದಲ್ಲಿ ಹುಟ್ಟಿದ ಅತ್ಯುತ್ತಮ ಸಾಹಿತ್ಯವು ಲೆಕ್ಕ ತಪಾಸಣೆಯಿಂದ ಹುಟ್ಟಿದ ಸಾಹಿತ್ಯವೆಂಬುದನ್ನು ಗಮನಿಸತಕ್ಕದ್ದು. ಅವರ ಪ್ರೀತಿಗೆ ಆ ತಪಾಸಣೆಯಿಂದ ಕುಂದೇನೂ ಬರಲಿಲ್ಲ. ಪ್ರೀತಿಯು ಎಷ್ಟು ಗಟ್ಟಿಯೆಂಬುದು ತಿಳಿದುದೇ ಅದರಿಂದ.

ಆದುದರಿಂದ ಹೊಸ ಕಾದಂಬರಿಗಳ ಮೇಲೆ ಹೊರಿಸಬೇಕಾದ ಅಪರಾಧವು ಹಿರಿಯರು ಹೊರಿಸುವ ಅಪರಾಧಕ್ಕೆ ತೀರ ವಿರುದ್ಧವಾದುದು. ಅವು ವ್ಯಾಪಾರವನ್ನು ತಂದುವೆಂಬುದು ತಪ್ಪಲ್ಲ. ತಂದಂತೆ ನಟಿಸಿ ಹೊರಗೆ ನಿಲ್ಲಿಸಿದುದು ತಪ್ಪು. ಹಳೆಯ ನಾಟಕದ ಕಂಪೆನಿಗಳಲ್ಲಿ ಅರಮನೆಯ ಪರದೆ, ಕಾಡಿನ ಪರದೆ, ಬೀದಿಯ ಪರದೆ ಎಂದು ಇರುತ್ತಿದ್ದುವು. ಈ ಕಾದಂಬರಿಗಳಲ್ಲಿ ಕಚೇರಿಯೂ ಅಂತಹ ಒಂದು ಪರದೆ. ಅದರ ಮುಂದೆ ನಿಂತು ಪಾತ್ರಗಳು ಪ್ರಣಯವನ್ನಾಡುತ್ತವೆ. ಪರದೆಯನ್ನು ಎತ್ತಿ ಅದರ ಹಿಂದೆ ಏನಿದೆಯೆಂದು ನೋಡಲು ಲೇಖಕರಿಗೂ ಮನಸ್ಸಿಲ್ಲ, ವಾಚಕರಿಗೂ ಅವಕಾಶವಿಲ್ಲ. ಇಬ್ಬರು ಕೂಡಿ ಕಟ್ಟಿದ ಸಂಸ್ಥೆಯಲ್ಲಿ ಯಾರ ಹೆಸರಿಗೆ ಎಷ್ಟು ಪಾಲು ಬರೆದಿತ್ತೆಂಬ ಒಂದು ಸಾಲು ಮುನ್ನೂರು ಪುಟಗಳಲ್ಲಿ ಎಲ್ಲಿಯೂ ಸಿಕ್ಕುವುದಿಲ್ಲ.

ಹಣದ ಮಾತನ್ನು ತಂದರೆ ರಸಭಂಗವಾಗುವುದೆಂದು ಇದಕ್ಕೆ ಸಮಾಧಾನ ಹೇಳುವವರುಂಟು. ಅವರು ಶ್ರೀಮತಿ ಗ್ಯಾಸ್ಕೆಲ್ ಅವರ ‘ನಾರ್ತ್ ಅಂಡ್ ಸೌತ್’ ಎಂಬ ಕಾದಂಬರಿಯನ್ನು ಓದತಕ್ಕದ್ದು. 1854-55ರಲ್ಲಿ ಡಿಕನ್ಸನು ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಅದು ಕಂತುಕಂತಾಗಿ ಪ್ರಕಟವಾಯಿತು. ಅದರ ನಾಯಕನು ಹತ್ತಿಯ ಗಿರಣಿಯ ಒಡೆಯನಾದ ಥಾರ್ನ್‌ಟನ್. ಮುಷ್ಕರದಿಂದಲೂ ಪೇಟೆಯ ಇಳಿತದಿಂದಲೂ ಅವನು ದಿವಾಳಿಯ ಅಂಚಿಗೆ ಬರುತ್ತಾನೆ. ಕೊನೆಯ ಪ್ರಕರಣದಲ್ಲಿ ಮಾರ್ಗರೆಟ್ ಹೇಲ್ ಎಂಬ ನಾಯಿಕೆಯು ಅವನನ್ನು ಎದುರಿಗೆ ಕೂರಿಸಿಕೊಂಡು, ಬ್ಯಾಂಕಿನಲ್ಲಿ ನೂರಕ್ಕೆ ಎರಡೂವರೆಯ ಬಡ್ಡಿಗೆ ಸುಮ್ಮನೆ ಬಿದ್ದಿರುವ ತನ್ನ 18,057 ಪೌಂಡುಗಳನ್ನು ಅವನ ಗಿರಣಿಗೆ ಹೆಚ್ಚಿನ ಬಡ್ಡಿಗೆ ಕೊಡುವ ಪ್ರಸ್ತಾಪವನ್ನು ಮಾಡುತ್ತಾಳೆ. ವಕೀಲನು ಸಿದ್ಧಪಡಿಸಿಕೊಟ್ಟ ಲೆಕ್ಕದ ಕಾಗದಗಳನ್ನು ಹುಡುಕುತ್ತ ಅವಳ ಕೈ ನಡುಗುತ್ತದೆ. ಇಂಗ್ಲಿಷ್ ಸಾಹಿತ್ಯದ ಅತ್ಯಂತ ಸುಂದರವಾದ ಪ್ರಣಯಸಂದರ್ಭಗಳಲ್ಲಿ ಅದು ಒಂದು. ಆ ಮೊತ್ತವನ್ನು ಕೊನೆಯ ಏಳು ಪೌಂಡುಗಳವರೆಗೆ ಗ್ರಂಥಕರ್ತ್ರಿಯು ಎಣಿಸಿ ಇಟ್ಟಿರುವುದರಿಂದ ರಸವು ಭಂಗವಾಗಲಿಲ್ಲ. ಅದರಿಂದಲೇ ಆ ಘಳಿಗೆಯು ನಿಜವಾಯಿತು. ಹಾಗೆ ಸಾಲ ಕೊಡಬಲ್ಲ ಹೆಣ್ಣು ಕೃಪೆಯನ್ನು ಬೇಡುವವಳಲ್ಲ, ಸಮಾನಳು ಎಂಬುದು ಅಂಕಿಗಳಿಂದಲೇ ಪ್ರಕಟವಾಗುತ್ತದೆ. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಣ್ಣಿಗೆ ತನ್ನ ಸ್ವತ್ತಿನ ಮೇಲೆ ಪೂರ್ಣವಾದ ಅಧಿಕಾರವು ದೊರೆತುದು 1882ರ ಕಾಯಿದೆಯಿಂದ. ಅದಕ್ಕೆ ಸುಮಾರು ಮೂವತ್ತು ವರ್ಷಗಳ ಮುಂಚೆಯೇ ಒಬ್ಬ ಕಾದಂಬರೀಕರ್ತ್ರಿಯು ಹಣವನ್ನು ಹೆಣ್ಣಿನ ಕೈಯಲ್ಲಿಟ್ಟು, ಅದನ್ನು ಅವಳು ಏನು ಮಾಡುತ್ತಾಳೆ ನೋಡಿರೆಂದು ಲೋಕಕ್ಕೆ ತೋರಿಸಿದಳು.

ಅದೇ ಕಾಲದ ಫ್ರಾನ್ಸಿಗೆ ಹೋದರೆ ಬಾಲ್ಝಾಕನು ಸಿಕ್ಕುತ್ತಾನೆ. ಅವನು ತಾನೇ ಮುದ್ರಣಾಲಯವನ್ನು ನಡೆಸಿ 1828ರಲ್ಲಿ ಸಾಲದಲ್ಲಿ ಮುಳುಗಿದವನು. ಆದುದರಿಂದ ಉದ್ಯಮವೆಂದರೇನೆಂಬುದನ್ನು ಬಲ್ಲವನು. ಅವನ ‘ಲಾಸ್ಟ್ ಇಲ್ಯೂಷನ್ಸ್’ ಎಂದು ಇಂಗ್ಲಿಷಿನಲ್ಲಿ ಹೆಸರಾದ ಕಾದಂಬರಿಯಲ್ಲಿ ದಾವಿದ್ ಎಂಬ ಮುದ್ರಕನೂ ಈವ್ ಎಂಬ ಅವನ ಹೆಂಡತಿಯೂ ಇದ್ದಾರೆ. ಅಗ್ಗದ ಕಾಗದವನ್ನು ಮಾಡುವ ವಿಧಾನವನ್ನು ದಾವಿದನು ಹುಡುಕುತ್ತಿರುವಾಗ ಮುದ್ರಣಾಲಯವನ್ನು ನಡೆಸಿ ಪಂಚಾಂಗಗಳನ್ನು ಅಚ್ಚುಹಾಕಿಸಿ ಸಂಸಾರವನ್ನು ಸಾಗಿಸಿದವಳು ಈವ್. ಎದುರಿನ ಮುದ್ರಕರು ಅವರನ್ನು ಮುಗಿಸಿದುದು ಕತ್ತಿಯಿಂದಲ್ಲ, ಹುಂಡಿಗಳಿಂದ. ಈವಳ ಸ್ವಂತ ಅಣ್ಣನೇ ದಾವಿದನ ಸಹಿಯನ್ನು ನಕಲುಮಾಡಿ ಬರೆದ ಮೂರು ಸಾವಿರ ಫ್ರಾಂಕುಗಳ ಹುಂಡಿಗಳು, ಬಡ್ಡಿಯ ಮೇಲೆ ಬಡ್ಡಿ, ವಕೀಲರ ಖರ್ಚಿನ ಮೇಲೆ ಖರ್ಚು ಬೆಳೆದು, ಕೊನೆಗೆ ಅವನು ಕಂಡುಹಿಡಿದ ವಿಧಾನವೇ ಪರರ ಪಾಲಾಗುತ್ತದೆ. ಆ ಖರ್ಚಿನ ಪಟ್ಟಿಯನ್ನು ಓದುವಾಗ ವಾಚಕನ ಎದೆ ಹಾರುತ್ತದೆ. ಲೆಕ್ಕದ ಪಟ್ಟಿಯನ್ನು ಓದಿ ಎದೆ ಹಾರುವಂತೆ ಬರೆಯಬಹುದೆಂದು ಬಾಲ್ಝಾಕನು ತೋರಿಸಿಕೊಟ್ಟು ಎರಡು ಶತಮಾನಗಳು ಸಮೀಪಿಸುತ್ತಿದ್ದರೂ, ಇಂದಿನ ಕಾದಂಬರೀಕಾರರಿಗೆ ಮಳೆಯೂ ಕಾಫಿಯೂ ಸಾಕಾಗಿದೆ!

ಇಂದಿನ ಉದ್ಯಮದಲ್ಲಿ ವರ್ಣಿಸತಕ್ಕ ವಸ್ತುವಿಲ್ಲವೇ? ಬೇಕಾದಷ್ಟಿದೆ. ಇಂತಹ ಸಂಸ್ಥೆಗಳಲ್ಲಿ ಸ್ಥಾಪಕರ ಷೇರುಗಳು ಒಂದೇ ದಿನದಲ್ಲಿ ಅವರ ಸ್ವಂತವಾಗದಂತೆ ಒಪ್ಪಂದ ಮಾಡುವುದು ವಾಡಿಕೆ. ನಾಲ್ಕು ವರ್ಷಗಳ ಕಾಲದಲ್ಲಿ ಅವು ಕ್ರಮಕ್ರಮವಾಗಿ ಕೈಸೇರುತ್ತವೆ. ಮೊದಲನೆಯ ವರ್ಷವು ತುಂಬುವ ಮುಂಚೆ ಹೊರಬಿದ್ದವರಿಗೆ ಏನೂ ಇಲ್ಲ. ವರ್ಷ ತುಂಬಿದ ದಿನ ನಾಲ್ಕರಲ್ಲಿ ಒಂದು ಪಾಲು. ಹೀಗಿರುವಲ್ಲಿ ಹನ್ನೊಂದನೆಯ ತಿಂಗಳಿನಲ್ಲಿ ಮುನಿದು ಬಾಗಿಲನ್ನು ದಡಾರನೆ ಹಾಕಿಕೊಂಡು ಹೋದ ನಾಯಿಕೆಗೂ, ಹದಿಮೂರನೆಯ ತಿಂಗಳಿನಲ್ಲಿ ಹೋದ ನಾಯಿಕೆಗೂ ಎಷ್ಟು ಅಂತರವಿದೆಯೆಂಬುದನ್ನು ಊಹಿಸಬಹುದು. ಅವಳ ಕೋಪವನ್ನು ಎರಡು ತಿಂಗಳು ತಡೆಹಿಡಿಯುವಂತೆ ಗೆಳತಿಯೊಬ್ಬಳು ಬೇಡುವ ದೃಶ್ಯ, ಆ ಎರಡು ತಿಂಗಳಲ್ಲಿ ಅವಳು ದಿನವೂ ಅವನ ಎದುರು ಮೇಜಿನಲ್ಲಿ ಕುಳಿತಿರಬೇಕಾದ ದೃಶ್ಯ, ಇವೆಲ್ಲ ಯಾವ ಕಾದಂಬರೀಕಾರನಿಗೂ ಕೈತುಂಬ ಸಿಕ್ಕುವ ಸಾಮಗ್ರಿ. ಆದರೆ ಕಥೆಯ ನಾಯಿಕೆಯರು ತಮಗೆ ಬೇಕಾದಾಗ ಅಗಲುತ್ತಾರೆ, ಬೇಕಾದಾಗ ಮರಳುತ್ತಾರೆ. ಅವರ ಬೆನ್ನ ಹಿಂದೆ ಒಪ್ಪಂದದ ಗಡಿಯಾರವು ಓಡುತ್ತಿರುವ ಸದ್ದು ಅವರಿಗೆ ಕೇಳಿಸುವುದೇ ಇಲ್ಲ.

ಇನ್ನು ಕಥೆಯ ಕೊನೆಯಲ್ಲಿ ಬರುವ ಕೋಟಿಗಳ ವಿಚಾರ. ಇಬ್ಬರು ಸ್ಥಾಪಕರು ನೂರಕ್ಕೆ 50ರಂತೆ ಪಾಲು ಹಿಡಿದು ಪ್ರಾರಂಭಿಸಿದರೆಂದು ಇಟ್ಟುಕೊಳ್ಳಬಹುದು. ಮೊದಲನೆಯ ಹೂಡಿಕೆದಾರನಿಗೆ ಹೊಸ ಷೇರುಗಳ ಮೂಲಕ ನೂರಕ್ಕೆ 20ರ ಪಾಲು ಹೋದರೆ ಒಬ್ಬೊಬ್ಬರ ಪಾಲು 40ಕ್ಕೆ ಇಳಿಯುತ್ತದೆ. ಎರಡನೆಯವನಿಗೂ ಹಾಗೆಯೇ 20 ಹೋದರೆ 32ಕ್ಕೆ ಇಳಿಯುತ್ತದೆ. ಹೂಡಿಕೆದಾರರು ಇಬ್ಬರೂ ಸೇರಿ ಹಾಕಿದ ಹಣವು 10 ಕೋಟಿ ರೂಪಾಯಿ ಎನ್ನೋಣ. ಸಂಸ್ಥೆಯು 12 ಕೋಟಿಗೆ ಮಾರಾಟವಾಯಿತೆಂದು ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಸುದ್ದಿ ಬರುತ್ತದೆ. ಮನೆಯವರು ಸಿಹಿ ಹಂಚುತ್ತಾರೆ. ನೂರಕ್ಕೆ 32ರಂತೆ ಒಬ್ಬೊಬ್ಬರಿಗೂ 3 ಕೋಟಿ 84 ಲಕ್ಷವು ಬರಬೇಕಲ್ಲವೇ ಎಂದು ಹುಡುಗಿಯ ತಂದೆಯು ಲೆಕ್ಕ ಹಾಕುತ್ತಾನೆ. ಆದರೆ ಹೂಡಿಕೆದಾರರ ಷೇರುಗಳಿಗೆ ತಮ್ಮ ಅಸಲನ್ನು ಮೊದಲು ಹಿಂತೆಗೆದುಕೊಳ್ಳುವ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಸಾಮಾನ್ಯ. ಅಂತಹ ಒಪ್ಪಂದವಿದ್ದಲ್ಲಿ 10 ಕೋಟಿಯು ಮೊದಲು ಅವರಿಗೆ ಸಂದು, ಉಳಿದ 2 ಕೋಟಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೋಟಿ. ಅದರಲ್ಲಿಯೂ ತೆರಿಗೆಯು ಹೋಗತಕ್ಕದ್ದು. ಇದು ಮೋಸವಲ್ಲ, ಎಲ್ಲರೂ ಸಹಿಮಾಡಿದ ಕಾಗದದಲ್ಲಿ ಇದ್ದುದೇ. ಆದರೆ ಕಾದಂಬರಿಯು ಆ ಕಾಗದವನ್ನು ವಾಚಕನಿಗೆ ತೋರಿಸದೆ 12 ಕೋಟಿಯನ್ನು ಮಾತ್ರ ತೋರಿಸಿದರೆ ಅದು ಮೋಸ. ಶತಕೋಟಿ ಡಾಲರು ಬೆಲೆಯ ಹೊಸ ಸಂಸ್ಥೆಗಳನ್ನು ಯೂನಿಕಾರ್ನ್ ಎಂದು ಕರೆಯುವ ರೂಢಿಯು ಅಮೆರಿಕದಲ್ಲಿ 2013ರಲ್ಲಿ ಹುಟ್ಟಿತು. ಲೋಕದಲ್ಲಿ ಎಲ್ಲಿಯೂ ಇಲ್ಲದ ಒಂದು ಪ್ರಾಣಿಯ ಹೆಸರನ್ನು ಬೆಲೆಗೆ ಇಟ್ಟವರು, ತಿಳಿದೋ ತಿಳಿಯದೆಯೋ, ಕಾದಂಬರೀಕಾರರಿಗಿಂತ ಹೆಚ್ಚು ಪ್ರಾಮಾಣಿಕರಾದರು.

ಈ ಎಲ್ಲ ಕಥೆಗಳ ಹಿಂದೆ ಇರುವುದು ಕೆಲವೇ ನಿಜವಾದ ಕಥೆಗಳು. 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ತರುಣರು ಪುಸ್ತಕಗಳನ್ನು ಮಾರುವುದಕ್ಕಾಗಿ ಫ್ಲಿಪ್‌ಕಾರ್ಟ್ ಎಂಬ ಸಂಸ್ಥೆಯನ್ನು ತೆರೆದರು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸಂಸ್ಥೆಯು ಸುಮಾರು 1,600 ಕೋಟಿ ಡಾಲರುಗಳನ್ನು ಕೊಟ್ಟು ಅದರ ನೂರಕ್ಕೆ 77ರಷ್ಟು ಪಾಲನ್ನು ಕೊಂಡಿತು. ಇಂತಹ ಒಂದು ಸಂಗತಿಯು ಸಾವಿರ ಕನಸುಗಳಿಗೆ ಬೀಜವಾಗುವುದು ಸಹಜ. ಆದರೆ ಕಾದಂಬರಿಯ ಧರ್ಮವು ಲಾಟರಿಯ ಫಲಿತಾಂಶವನ್ನು ಸಾರುವುದಲ್ಲ. ಚೀಟಿ ಕೊಂಡ ಮನೆಗಳನ್ನು ಹೊಕ್ಕು ನೋಡುವುದು.

ಅದಕ್ಕಿಂತ ಹಿಂದಿನ ಇನ್ನೊಂದು ಸಂಗತಿಯನ್ನು ನೋಡಬಹುದು. 1981ರಲ್ಲಿ ಪುಣೆಯಲ್ಲಿ ಏಳು ಮಂದಿ ಇಂಜಿನಿಯರುಗಳು ಇನ್ಫೋಸಿಸ್ ಸಂಸ್ಥೆಯನ್ನು ಆರಂಭಿಸಿದಾಗ ನಾರಾಯಣಮೂರ್ತಿಯವರಿಗೆ ಮೊದಲ ಬಂಡವಾಳವಾಗಿ ದೊರೆತುದು ಅವರ ಪತ್ನಿಯು ತಮ್ಮ ಉಳಿತಾಯದಿಂದ ತೆಗೆದುಕೊಟ್ಟ 10,000 ರೂಪಾಯಿಗಳು. ಆ ಪತ್ನಿಯು ಕನ್ನಡಿಗರೆಲ್ಲರೂ ಬಲ್ಲ ಕಾದಂಬರೀಕರ್ತ್ರಿ ಸುಧಾ ಮೂರ್ತಿಯವರು. ಅವರೂ ಇಂಜಿನಿಯರೇ, ಆಗ ಸಂಬಳ ತರುತ್ತಿದ್ದವರು ಅವರೇ. ಪತಿಪತ್ನಿಯರಿಬ್ಬರೂ ಒಂದೇ ಸಂಸ್ಥೆಯಲ್ಲಿ ಕೆಲಸಮಾಡಬಾರದೆಂಬ ಪತಿಯ ನಿಯಮಕ್ಕೆ ಒಪ್ಪಿ ಅವರು ಹೊರಗೆ ಉಳಿದರು. ಇದನ್ನು ದಂಪತಿಗಳಿಬ್ಬರೂ ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. ಆ ನಿಯಮವು ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸುವುದು ಇಲ್ಲಿಯ ಉದ್ದೇಶವಲ್ಲ. ಕಾದಂಬರಿಯೆಂಬುದು ಇರುವುದು ಅಲ್ಲಿ ಎಂಬುದಷ್ಟೇ ಹೇಳಬೇಕಾದುದು. ಸಮಾನವಾಗಿ ಓದಿದ ಇಬ್ಬರು, ಒಂದು ಮನೆ, ಒಂದು ಉಳಿತಾಯ, ಒಳಗೆ ಹೋಗತಕ್ಕವರು ಒಬ್ಬರೇ! ಪ್ರೀತಿಯೂ ನಿಯಮವೂ ಮುಖಾಮುಖಿಯಾಗಿ ನಿಂತ ಆ ಮನೆಯ ರಾತ್ರಿಯ ಮಾತುಕತೆಯನ್ನು ಊಹಿಸಿ ಬರೆಯಬಲ್ಲ ಕಾದಂಬರೀಕಾರನು ಗೋಡೆಯ ಚೀಟಿಗಳ ಬಣ್ಣವನ್ನು ವರ್ಣಿಸುತ್ತ ಕೂರಲಾರನು.

ಹೊಸ ಕಾದಂಬರಿಗಳೆಲ್ಲವೂ ಕುರುಡಾಗಿವೆಯೆಂದರೆ ಅನ್ಯಾಯವಾದೀತು. ಗೇಬ್ರಿಯಲ್ ಜೆವಿನ್ ಎಂಬಾಕೆ 2022ರಲ್ಲಿ ಪ್ರಕಟಿಸಿದ ‘ಟುಮಾರೋ, ಅಂಡ್ ಟುಮಾರೋ, ಅಂಡ್ ಟುಮಾರೋ’ ಎಂಬ ಅಮೆರಿಕದ ಕಾದಂಬರಿಯಲ್ಲಿ ಸ್ಯಾಮ್, ಸೇಡಿ ಎಂಬ ಇಬ್ಬರು ಬಾಲ್ಯಸ್ನೇಹಿತರು ಕಂಪ್ಯೂಟರಿನ ಆಟಗಳನ್ನು ಮಾಡುವ ಸಂಸ್ಥೆಯನ್ನು ಕಟ್ಟುತ್ತಾರೆ. ಇಬ್ಬರೂ ಕೂಡಿ ಮಾಡಿದ ಆಟವನ್ನು ಲೋಕವು ಸ್ಯಾಮನದೆಂದೇ ತಿಳಿಯುತ್ತದೆ. ಆ ಒಂದು ಮುಳ್ಳು ಸೇಡಿಯ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆಟಕ್ಕೆ ಬೇಕಾದ ಯಂತ್ರಭಾಗವು ಅವಳ ಹಳೆಯ ಅಧ್ಯಾಪಕನೂ ಪ್ರಿಯನೂ ಆಗಿದ್ದವನದಾದುದರಿಂದ ಅದನ್ನು ಬಳಸಿಕೊಂಡ ಋಣವು ಅವಳನ್ನು ಅವನ ಹಿಡಿತಕ್ಕೆ ಮತ್ತೆ ಎಳೆಯುತ್ತದೆ. ಕೆಲಸದ ಹಕ್ಕು ಯಾರದು ಎಂಬ ಪ್ರಶ್ನೆಯೂ ಹೃದಯವು ಯಾರದು ಎಂಬ ಪ್ರಶ್ನೆಯೂ ಅಲ್ಲಿ ಒಂದೇ ಹಗ್ಗದ ಎರಡು ಎಳೆಗಳು. ಗ್ರಂಥಕರ್ತ್ರಿಯು ಅವರಿಬ್ಬರಿಗೂ ಮದುವೆ ಮಾಡಿಸುವ ಆತುರಕ್ಕೆ ಹೋಗಿಲ್ಲ. ಸಿನಿಮಾಗಳಲ್ಲಿಯೂ ಇದಕ್ಕೆ ನಿದರ್ಶನವುಂಟು. 2010ರ ‘ಬ್ಯಾಂಡ್ ಬಾಜಾ ಬಾರಾತ್’ ಎಂಬ ಹಿಂದೀ ಚಿತ್ರದಲ್ಲಿ ದೆಹಲಿಯ ಹುಡುಗಿಯೊಬ್ಬಳೂ ಹುಡುಗನೊಬ್ಬನೂ ಮದುವೆಗಳನ್ನು ಏರ್ಪಡಿಸುವ ಸಂಸ್ಥೆಯನ್ನು ನಡೆಸುತ್ತಾರೆ. ವ್ಯಾಪಾರದಲ್ಲಿ ಜೊತೆಯಾದವರೊಡನೆ ಪ್ರೇಮವು ಕೂಡದೆಂಬುದು ಹುಡುಗಿಯು ಮೊದಲೇ ಹಾಕಿದ ಕರಾರು. ಕರಾರು ಮುರಿಯುತ್ತದೆ, ಸಂಸ್ಥೆಯು ಇಬ್ಭಾಗವಾಗುತ್ತದೆ, ಎರಡು ಭಾಗಗಳೂ ನಷ್ಟದಲ್ಲಿ ಬೀಳುತ್ತವೆ. ಹಾಡುಕುಣಿತಗಳ ಚಿತ್ರವೊಂದು ಇಷ್ಟನ್ನು ಹೇಳಬಲ್ಲುದಾದರೆ ಕಾದಂಬರಿಗೆ ಬಂದ ಬಡತನವೇನು?

ಕನ್ನಡಕ್ಕೆ ಬಂದರೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದೆ. 2013ರಲ್ಲಿ ಪ್ರಕಟವಾದ ಈ ಕಿರು ಕಾದಂಬರಿಯು ಪ್ರಣಯಕಥೆಯೆಂದು ಕರೆಯಿಸಿಕೊಳ್ಳತಕ್ಕದ್ದಲ್ಲ. ಆದರೂ ಮದುವೆಗೂ ಉದ್ಯಮಕ್ಕೂ ಇರುವ ನಂಟನ್ನು ಅದರಷ್ಟು ನಿಷ್ಠುರವಾಗಿ ಬಿಡಿಸಿಟ್ಟ ಪುಸ್ತಕವು ಅಪರೂಪ. ಕೆಲಸವನ್ನು ಕಳೆದುಕೊಂಡ ತಂದೆಗೆ ಬಂದ ಹಣವು ಚಿಕ್ಕಪ್ಪನ ಮಸಾಲೆಯ ವ್ಯಾಪಾರಕ್ಕೆ ಬಂಡವಾಳವಾಗುತ್ತದೆ, ವ್ಯಾಪಾರವು ಬೆಳೆಯುತ್ತದೆ, ಮನೆಯವರೆಲ್ಲರೂ ಆ ಒಂದು ಗಳಿಕೆಯನ್ನು ಕಾಯುವ ಇರುವೆಸಾಲಾಗುತ್ತಾರೆ. ತಂದೆಯ ಹೆಸರಿನಲ್ಲಿರುವ ಪಾಲು ಅವನ ತರುವಾಯ ಯಾರಿಗೆ ಹೋಗುವುದೋ ಎಂಬ ಅಂಜಿಕೆಯು ಮನೆಯ ಪ್ರೀತಿಯಲ್ಲಿ ಸೇರಿಕೊಳ್ಳುತ್ತದೆ. ಮಗನು ಹೆಸರಿಗೆ ಡೈರೆಕ್ಟರು. ಕೆಲಸವಿಲ್ಲದೆ ಸಂಬಳ ತೆಗೆಯುವವನು. ಅದು ತಿಳಿದ ದಿನ ಅವನ ಹೆಂಡತಿಯ ಗೌರವವು ಅವನ ಕೈಬಿಟ್ಟುಹೋಗುತ್ತದೆ. ಇಂತಹ ಒಂದು ಪುಸ್ತಕವು ಮನೆಯಲ್ಲಿಯೇ ಇರುವಾಗ ಕನ್ನಡಿಗರು ಇದಕ್ಕಾಗಿ ಪರದೇಶದ ಮಾದರಿಯನ್ನು ಅರಸಬೇಕಾದುದಿಲ್ಲ.

ಇಷ್ಟಾದ ಮೇಲೂ ಒಂದು ಆಕ್ಷೇಪವು ಉಳಿಯುತ್ತದೆ. ಓದುವವರು ದಿನವೆಲ್ಲ ಕಚೇರಿಯಲ್ಲಿ ಬೆಂದು ಬಂದವರು. ಅವರಿಗೆ ಬೇಕಾದುದು ವಿನೋದ. ಅವರಿಗೆ ಷೇರುಪತ್ರಗಳ ಪಾಠವನ್ನು ಹೇಳುವುದು ಕ್ರೌರ್ಯವಲ್ಲವೇ ಎಂದು. ವಿನೋದವು ಬೇಡವೆಂದು ಯಾರೂ ಹೇಳುವುದಿಲ್ಲ. ರಾಜಕುಮಾರನ ಕಥೆಯನ್ನು ಓದಿದ ಹುಡುಗಿಯು ರಾಜಕುಮಾರನಿಗಾಗಿ ಕೆಲಸವನ್ನು ಬಿಡಲಿಲ್ಲ. ಅದು ಕಥೆಯೆಂಬುದು ಅವಳಿಗೆ ತಿಳಿದಿತ್ತು. ಈ ಕಾದಂಬರಿಗಳಾದರೋ ಅವಳ ಊರಿನ ಹೆಸರನ್ನು, ಅವಳು ನಡೆದಾಡುವ ಬೀದಿಯನ್ನು, ಅವಳ ಪದವಿಯನ್ನು, ಅವಳ ಕೈಯಲ್ಲಿರುವ ಫೋನನ್ನು ಹಿಡಿದು ಹೇಳುತ್ತವೆ. ನಿಜದ ವೇಷವನ್ನು ಅಂಗುಲ ಬಿಡದೆ ತೊಡುತ್ತವೆ. ನಿಜದ ವೇಷವನ್ನು ತೊಟ್ಟವನು ನಿಜದ ಹೊಣೆಯನ್ನೂ ಹೊರತಕ್ಕದ್ದು.

ಆ ಹೊಣೆಯು ಎಷ್ಟು ದೊಡ್ಡದೆಂಬುದು ಕಾಯಿದೆಯನ್ನು ನೋಡಿದರೆ ತಿಳಿಯುತ್ತದೆ. ಬರವಣಿಗೆಯ ಕರಾರಿಲ್ಲದೆ ಇಬ್ಬರು ಪಾಲುಗಾರಿಕೆಯಲ್ಲಿ ವ್ಯಾಪಾರ ಮಾಡಿದರೆ ಲಾಭನಷ್ಟಗಳು ಇಬ್ಬರಿಗೂ ಸಮವೆಂದು 1932ರ ಪಾಲುಗಾರಿಕೆಯ ಕಾಯಿದೆಯು ಭಾವಿಸುತ್ತದೆ. ಆದರೆ ಕಂಪೆನಿಯಾಗಿ ನೋಂದಾಯಿಸಿದ ಸಂಸ್ಥೆಯಲ್ಲಿ ಹಾಗೆ ಭಾವಿಸುವ ದಯೆಯು ಯಾರಿಗೂ ಇಲ್ಲ. ಅಲ್ಲಿ ಷೇರುದಾರರ ಪುಸ್ತಕದಲ್ಲಿ ಹೆಸರಿದ್ದವರಿಗೆ ಪಾಲು, ಇಲ್ಲದವರಿಗೆ ಕೃತಜ್ಞತೆ. ಮೊದಲನೆಯ ಎರಡು ವರ್ಷ ಸಂಬಳವಿಲ್ಲದೆ ರಾತ್ರಿಹಗಲು ದುಡಿದ ಹುಡುಗಿಯೊಬ್ಬಳು, ಅವನಿಗೂ ತನಗೂ ಬೇರೆ ಬೇರೆ ಏನಿದೆಯೆಂದು ನಂಬಿ, ಪುಸ್ತಕದಲ್ಲಿ ತನ್ನ ಹೆಸರನ್ನು ಬರೆಯಿಸಿಕೊಳ್ಳದೆ ಹೋದರೆ, ಅವನು ಮದುವೆಯಾದರೂ ಆಗದಿದ್ದರೂ ಕಾಯಿದೆಯ ದೃಷ್ಟಿಯಲ್ಲಿ ಅವಳು ಆ ಸಂಸ್ಥೆಗೆ ಯಾರೂ ಅಲ್ಲ. ಕಾದಂಬರಿಯು ಕೊನೆಯ ಪುಟದಲ್ಲಿ ಅವಳ ಬೆರಳಿಗೆ ಉಂಗುರವನ್ನು ತೊಡಿಸಿ, ಕೈಗೆ ಬರಬೇಕಾದ ಷೇರುಪತ್ರವನ್ನು ಮರೆಯಿಸುತ್ತದೆ. ಇದನ್ನು ಪ್ರಣಯವೆಂದು ಕರೆಯುವುದು ಪ್ರಣಯಕ್ಕೆ ಅಪಚಾರ.

ಪ್ರೀತಿಯಿದ್ದಲ್ಲಿ ಬರವಣಿಗೆ ಏಕೆಂದು ಕೇಳುವ ಉದಾರಿಗಳುಂಟು. ಈ ಉದಾರತೆಯು ಕನ್ನಡದ ಮನೆಗಳ ಸಂಪ್ರದಾಯದಲ್ಲಿ ಎಂದಿಗೂ ಇರಲಿಲ್ಲ. ಮದುವೆಯು ನಿಶ್ಚಯವಾದೊಡನೆ ನಾಲ್ವರ ಎದುರಿನಲ್ಲಿ ಲಗ್ನಪತ್ರಿಕೆಯನ್ನು ಬರೆಯಿಸುವರು. ಮಗಳಿಗೆ ಹಾಕಿದ ಒಡವೆಯನ್ನು ಗುಂಜಿಯವರೆಗೆ ತೂಗಿ ಪಟ್ಟಿಮಾಡಿ ಪೆಟ್ಟಿಗೆಯಲ್ಲಿ ಇಡುವರು. ಸ್ತ್ರೀಧನವು ಸ್ತ್ರೀಯದೇ ಎಂಬುದು ಧರ್ಮಶಾಸ್ತ್ರವು ಒಪ್ಪಿದ ಮಾತು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಪ್ರತ್ಯೇಕವಾದ ಕಾಯಿದೆಯನ್ನು ಮಾಡಿತು. ಹೀಗೆ ಚಿನ್ನದ ವಿಷಯದಲ್ಲಿ ಇಷ್ಟು ಎಚ್ಚರವುಳ್ಳ ಮನೆಗಳು, ಅದೇ ಮಗಳು ತನ್ನ ಯೌವನದ ಐದು ವರ್ಷಗಳನ್ನೂ, ಸಂಬಳದಲ್ಲಿ ಉಳಿಸಿದ ಹಣವನ್ನೂ, ಕೆಲವು ಸಲ ಆ ಚಿನ್ನವನ್ನೇ ಅಡವಿಟ್ಟು ತಂದ ಸಾಲವನ್ನೂ ಸ್ನೇಹಿತನ ಸಂಸ್ಥೆಗೆ ಸುರಿಯುವಾಗ ಒಂದು ಚೀಟಿಯನ್ನೂ ಕೇಳದೆ ಇರುವುದು ಏಕೆ? ಅದು ಕೆಲಸವಲ್ಲ, ಕನಸು ಎಂದು ಅವಳಿಗೂ ಮನೆಯವರಿಗೂ ಹೇಳಿಕೊಟ್ಟವರಾರು? ಎಲ್ಲ ತಪ್ಪನ್ನೂ ಕಾದಂಬರಿಗಳ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಆ ಪಾಠವನ್ನು ಇಂಪಾದ ದನಿಯಲ್ಲಿ ಮತ್ತೆ ಮತ್ತೆ ಹೇಳಿದವುಗಳಲ್ಲಿ ಅವೂ ಸೇರಿವೆ.

ಇದೇ ಮಾತು ಹುಡುಗನಿಗೂ ಅನ್ವಯಿಸುತ್ತದೆ. ಸೋತ ನಾಯಕನಿಗೆ ಕಾದಂಬರಿಯಲ್ಲಿ ಎರಡು ಪುಟಗಳ ದುಃಖ, ಮೂರನೆಯ ಪುಟದಲ್ಲಿ ಹೊಸ ಯೋಚನೆ. ಲೋಕದಲ್ಲಿ ಸೋತವನು ತಂದೆಯ ನಿವೃತ್ತಿಯ ಹಣವನ್ನು ಕಳೆದು, ತಂಗಿಯ ಮದುವೆಯನ್ನು ಮುಂದಕ್ಕೆ ಹಾಕಿಸಿ, ತಾನು ತೊರೆದುಬಂದ ಸಂಬಳಕ್ಕಿಂತ ಕಡಮೆಯ ಸಂಬಳಕ್ಕೆ ಅರ್ಜಿ ಹಿಡಿದು ನಿಂತಿರುತ್ತಾನೆ. ಅವನ ಕೈಕೆಳಗೆ ಕೆಲಸಮಾಡುತ್ತಿದ್ದ ಹತ್ತು ಮಂದಿ ಒಂದೇ ದಿನ ಬೀದಿಗೆ ಬಂದಿರುತ್ತಾರೆ. ಅವರ ಹೆಸರುಗಳೂ ಕಥೆಯಲ್ಲಿ ಇರುವುದಿಲ್ಲ. ಆಗಲೂ ಅವನ ಕೈಯನ್ನು ಬಿಡದ ಹುಡುಗಿಯೊಬ್ಬಳು ಇದ್ದರೆ ಅದು ಪ್ರಣಯ. ಕೋಟಿಗಳ ಬೆಳಕಿನಲ್ಲಿ ಕೈಹಿಡಿಯುವುದಕ್ಕೆ ಕಾದಂಬರೀಕಾರನ ಸಾಕ್ಷ್ಯವು ಬೇಕಾಗಿಲ್ಲ, ಛಾಯಾಚಿತ್ರಕಾರನೇ ಸಾಕು.

ಹಾಗಾದರೆ ಮಾಡತಕ್ಕುದೇನು? ಇಂತಹ ಕಾದಂಬರಿಗಳನ್ನು ನಿಷೇಧಿಸಬೇಕೆಂದಾಗಲಿ, ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಕೆಂದಾಗಲಿ ಹೇಳುವುದು ಮೂರ್ಖತನ. ಬರೆಯತಕ್ಕವರು ಇನ್ನೂ ಹೆಚ್ಚಾಗಿ ಬರೆಯಲಿ, ಕನ್ನಡದಲ್ಲಿಯೇ ಬರೆಯಲಿ. ರಾತ್ರಿಯ ಕೆಲಸವನ್ನೂ ಕಾಫಿಯನ್ನೂ ಬಲ್ಲ ತರುಣ ತರುಣಿಯರು ಜಿಲ್ಲೆಯ ಊರೂರಿನಿಂದ ಬೆಂಗಳೂರನ್ನು ಸೇರಿರುವರು; ಅವರಲ್ಲಿ ಬರೆಯಬಲ್ಲವರು ಇಲ್ಲದೆ ಇರಲಾರರು. ಅವರು ಲೆಕ್ಕದ ಪುಸ್ತಕವನ್ನು ಕಥೆಯೊಳಕ್ಕೆ ತರಲಿ. ಮೊದಲನೆಯ ಹಣವು ಯಾರ ಪೆಟ್ಟಿಗೆಯಿಂದ ಬಂತು, ಕಾಗದದಲ್ಲಿ ಯಾರ ಹೆಸರನ್ನು ಬರೆಯಿತು, ಯಾರ ಹೆಸರನ್ನು ಬಿಟ್ಟಿತು, ಬಿಟ್ಟುದನ್ನು ಕಂಡ ದಿನ ಇಬ್ಬರೂ ಊಟಕ್ಕೆ ಕುಳಿತಾಗ ಯಾರು ಮೊದಲು ಮಾತನಾಡಿದರು, ಇಷ್ಟನ್ನು ಹೇಳಲಿ. ವಿಮರ್ಶಕರಾದರೋ ಕಥೆಯು ಹಿತವಾಗಿದೆ, ಭಾಷೆಯು ಲಲಿತವಾಗಿದೆ ಎಂಬ ಎರಡು ಮುದ್ರೆಗಳನ್ನು ಒತ್ತಿ ಕೈತೊಳೆದುಕೊಳ್ಳದೆ, ಪುಸ್ತಕದಲ್ಲಿ ಕೆಲಸವೆಂಬುದು ನಿಜವಾಗಿ ನಡೆದಿದೆಯೇ ಎಂದು ಕೇಳುವುದನ್ನು ಕಲಿಯಲಿ.

ಇನ್ನು ಮನೆಗಳವರು. ಮಗಳು ಅಂತಹ ಪುಸ್ತಕವೊಂದನ್ನು ಓದಿ ಮುಗಿಸಿ ಕಣ್ಣೊರೆಸಿಕೊಳ್ಳುತ್ತಿರುವಾಗ ತಾಯಿಯಾದವಳು ನಗದೆ, ಗದರದೆ, “ಅವಳ ಪಾಲು ಎಷ್ಟಾಯಿತೇ, ತಾಯಿ?” ಎಂದು ಒಂದು ಮಾತು ಕೇಳಿದರೆ ಸಾಕು. ಉತ್ತರವು ಪುಸ್ತಕದಲ್ಲಿಲ್ಲವೆಂದು ಮಗಳಿಗೆ ತಿಳಿದ ದಿನವೇ ಅವಳು ಒಳ್ಳೆಯ ವಾಚಕಿಯಾಗುತ್ತಾಳೆ. ಗಂಡನು ತಂದ ಅಕ್ಕಿಯನ್ನು ಅಳೆದು ನೋಡಿದ ಲಕ್ಕಮ್ಮನ ನಾಡಿನಲ್ಲಿ ಅಷ್ಟು ಕೇಳುವುದಕ್ಕೆ ಹೆಣ್ಣುಮಗಳು ನಾಚಬೇಕಾದುದಿಲ್ಲ. ಹೇಳುವುದಕ್ಕೆ ಕಾದಂಬರೀಕಾರನೂ ಅಂಜಬೇಕಾದುದಿಲ್ಲ.